ಕೋವಿಡ್ ಕಾಲದ ಬಾಕಿ ಬಿಲ್ಲು: ಕಾಲಮಿತಿ ಎಣಿಸುವುದು ಹೇಗೆ

2020–21ರಲ್ಲಿ ಕಡ ಕೊಟ್ಟ ಮಾಲಿನ ಹಣ ಇನ್ನೂ ಬಂದಿಲ್ಲವೇ? ವಕೀಲರಿಂದ ನೋಟಿಸು ಬರೆಸುವ ಮೊದಲು ಕ್ಯಾಲೆಂಡರ್ ಹಿಡಿದು ಕೂರಿ. ದಾವೆ ಹೂಡಲು ಕಾನೂನು ಕೊಟ್ಟ ಕಾಲಮಿತಿ ದಾಟಿದ್ದರೆ, ಎದುರಾಳಿ ತಕರಾರು ಎತ್ತದಿದ್ದರೂ ಕೋರ್ಟು ದಾವೆಯನ್ನು ವಜಾ ಮಾಡಲೇಬೇಕು. ನೋಟಿಸು ಕಳಿಸಿದ ಮಾತ್ರಕ್ಕೆ ಕಾಲಮಿತಿ ನಿಲ್ಲುವುದಿಲ್ಲ. ಎಷ್ಟೋ ಸಣ್ಣ ಉದ್ಯಮಿಗಳು ಹಣ ಕಳೆದುಕೊಳ್ಳುವುದು ಇಲ್ಲೇ.

ಮಾರಿದ ಮಾಲಿನ ಹಣಕ್ಕೆ ಕಾಲಮಿತಿ 3 ವರ್ಷ. 30 ದಿನ, 45 ದಿನ ಎಂದು ಗಡುವು ಒಪ್ಪಿಕೊಂಡಿದ್ದರೆ ಆ ಗಡುವು ಮುಗಿದ ದಿನದಿಂದ ಎಣಿಕೆ. ಇಲ್ಲದಿದ್ದರೆ ಮಾಲು ತಲುಪಿದ ದಿನದಿಂದ. ಹಾಗಾಗಿ ಡೆಲಿವರಿ ಚಲನ್ ಮೇಲೆ ಸಹಿ ಬಿದ್ದ ತಾರೀಖನ್ನು ಹುಡುಕಿ ತೆಗೆಯಿರಿ. ಸಾಮಾನ್ಯವಾಗಿ ಒಂದೊಂದು ಬಿಲ್ಲಿಗೂ ಎಣಿಕೆ ಬೇರೆ, ಲೆಡ್ಜರಿನ ಒಟ್ಟು ಮೊತ್ತಕ್ಕೆ ಒಂದೇ ತಾರೀಖು ಹಿಡಿಯಬೇಡಿ.

ಇನ್ನು ಕೋವಿಡ್ ಲೆಕ್ಕ. 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ದಿನಗಳನ್ನು ಕಾಲಮಿತಿಯಿಂದ ಕೈಬಿಡಬೇಕೆಂದು ಸುಪ್ರೀಂ ಕೋರ್ಟ್ 2022ರ ಜನವರಿ 10ರಂದು ಆದೇಶಿಸಿತು. ಒಟ್ಟು 716 ದಿನ. ಅಂದಾಜಿಗೆ 2 ವರ್ಷ ಕೂಡಿಸಿದರೆ ಸುಮಾರು ಎರಡು ವಾರ ಹೆಚ್ಚಾಗುತ್ತದೆ. ಆ ಎರಡು ವಾರದಲ್ಲೇ ಕೇಸು ಬಿದ್ದುಹೋಗಬಹುದು.

ಗಡುವು 2020ರ ಫೆಬ್ರವರಿ 9ಕ್ಕೆ ಮುಗಿದ ಬಿಲ್ಲು ತೆಗೆದುಕೊಳ್ಳಿ. ಮೂಲ ಕಾಲಮಿತಿ 2023ರ ಫೆಬ್ರವರಿ 9ರವರೆಗೆ. ಅದಕ್ಕೆ 716 ದಿನ ಕೂಡಿಸಿದರೆ 2025ರ ಜನವರಿ 25. ಗಡುವು 2020ರ ಆಗಸ್ಟ್‌ನಲ್ಲಿ ಮುಗಿದಿದ್ದರೆ ಎಣಿಕೆ ಶುರುವಾಗುವುದೇ 2022ರ ಮಾರ್ಚ್ 1ರಿಂದ. ಕೊನೆಯ ದಿನ 2025ರ ಫೆಬ್ರವರಿ 28. ಇನ್ನೂ ಹಳೆಯ ಬಾಕಿಯಾಗಿದ್ದು, ಅದರ 3 ವರ್ಷ ಆ ಕೋವಿಡ್ ಅವಧಿಯೊಳಗೇ ಮುಗಿದಿದ್ದರೆ, 2022ರ ಮಾರ್ಚ್ 1ರಿಂದ ಕನಿಷ್ಠ 90 ದಿನ ಸಿಕ್ಕಿತ್ತು.

ಈ ತಾರೀಖುಗಳು ದಾಟಿವೆ ಎಂದು ಕಡತ ಕಟ್ಟಿಡಬೇಡಿ. ಕಾಲಮಿತಿ ಮುಗಿಯುವ ಮೊದಲೇ ಗಿರಾಕಿ ಬಾಕಿಯನ್ನು ಬರಹದಲ್ಲಿ ಒಪ್ಪಿ ಸಹಿ ಮಾಡಿದ್ದರೆ, ಆ ಸಹಿಯ ದಿನದಿಂದ ಹೊಸದಾಗಿ 3 ವರ್ಷ. ವರ್ಷಾಂತ್ಯಕ್ಕೆ ಆಡಿಟರ್ ತರಿಸಿಕೊಳ್ಳುವ ಬ್ಯಾಲೆನ್ಸ್ ಕನ್‌ಫರ್ಮೇಶನ್ ಪತ್ರಗಳನ್ನೆಲ್ಲ (ಇಷ್ಟು ಬಾಕಿ ಇದೆ ಎಂದು ಗಿರಾಕಿ ದೃಢಪಡಿಸುವ ಪತ್ರ) ಜಾಲಾಡಿ. ಗಿರಾಕಿ ಕಂಪನಿಯಾಗಿದ್ದರೆ ಅದರ ಬ್ಯಾಲೆನ್ಸ್ ಶೀಟನ್ನೂ ತೆಗೆಸಿ: ಅದರಲ್ಲಿ ಬಾಕಿ ತೋರಿಸಿದ್ದರೆ ಅದೂ ಒಪ್ಪಿಗೆಯಾಗಬಹುದು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಆದರೆ ಅಡಿಟಿಪ್ಪಣಿ ಓದದೆ ನಂಬಬೇಡಿ. ಬಾಕಿ ವಿವಾದದಲ್ಲಿದೆ ಎಂದು ಅಲ್ಲಿ ಬರೆದಿದ್ದರೆ ನಿಮ್ಮ ವಾದ ಸಡಿಲವಾಗುತ್ತದೆ.

ಎಲ್ಲಿಗೆ ಹೋಗಬೇಕು ಎನ್ನುವುದೂ ತಾರೀಖಿನ ಮೇಲೆಯೇ ನಿಂತಿದೆ. 2020ರ ಮಾರ್ಚ್ 25ರಿಂದ 2021ರ ಮಾರ್ಚ್ 24ರೊಳಗೆ ಹಣ ತಪ್ಪಿಸಿದ ಕಂಪನಿಯನ್ನು ಆ ಬಾಕಿಗಾಗಿ ದಿವಾಳಿ ಪ್ರಕ್ರಿಯೆಗೆ ಎಳೆಯಲು ಎಂದೆಂದಿಗೂ ಆಗದು; ದಿವಾಳಿ ಸಂಹಿತೆಯ 10ಎ ಕಲಂ ಅದನ್ನು ತಡೆದಿದೆ. ಆ ಅವಧಿಯ ಹೊರಗಿನ ಬಾಕಿಯಾದರೂ 1 ಕೋಟಿ ರೂಪಾಯಿ ಇರಬೇಕು, ಮೊದಲು ಇದು 1 ಲಕ್ಷವಿತ್ತು. ಸಿವಿಲ್ ದಾವೆಗೆ ಮಾತ್ರ 10ಎ ಅಡ್ಡಿಯಲ್ಲ. ವಾಣಿಜ್ಯ ವ್ಯಾಜ್ಯ 3 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದಿದ್ದರೆ, ತುರ್ತು ತಡೆಯಾಜ್ಞೆ ಕೇಳುವ ಸಂದರ್ಭ ಬಿಟ್ಟು, ದಾವೆಗೆ ಮೊದಲು ಮಧ್ಯಸ್ಥಿಕೆಗೆ ಅರ್ಜಿ ಹಾಕುವುದು ಕಡ್ಡಾಯ. ಅದನ್ನು ಬಿಟ್ಟು ಹೋದರೆ ದಾವೆಯನ್ನು ಬಾಗಿಲಲ್ಲೇ ತಿರಸ್ಕರಿಸುತ್ತಾರೆ.

ಗಿರಾಕಿಯ ಒಪ್ಪಿಗೆ ಪತ್ರವೂ ಸಿಗಲಿಲ್ಲ, ಕಾಲಮಿತಿಯೂ ದಾಟಿದೆ ಎಂದಿಟ್ಟುಕೊಳ್ಳಿ. ಆಗಲೂ ಒಂದು ದಾರಿ ಉಳಿದಿದೆ. ಕಾಲಮಿತಿ ದಾಟಿದ ಸಾಲವನ್ನು ತೀರಿಸುತ್ತೇನೆಂದು ಬರೆದು ಸಹಿ ಮಾಡಿದ ಮಾತು, ಕರಾರು ಕಾಯಿದೆಯ 25ನೇ ಕಲಮಿನಂತೆ ಹೊಸ ಕರಾರಾಗುತ್ತದೆ. ಇಲ್ಲಿ ಪದಗಳೇ ಮುಖ್ಯ. “ನಿಮ್ಮ ಬಾಕಿ ₹4,20,000 ಇದೆ” ಎಂದರೆ ಸಾಲದು. “ಬಿಲ್ ಸಂಖ್ಯೆ ಇಂಥದ್ದರ ಬಾಕಿ ₹4,20,000 ಅನ್ನು ಇಂಥ ತಾರೀಖಿನೊಳಗೆ ಕೊಡುತ್ತೇವೆ” ಎಂದೇ ಬರೆಸಿ. ಸಹಿ ಹಾಕುವವರು ಪಾಲುದಾರರೋ, ನಿರ್ದೇಶಕರೋ, ಅಧಿಕಾರ ಪಡೆದವರೋ ಆಗಿರಬೇಕು. ಗೋದಾಮಿನ ಗುಮಾಸ್ತರ ಸಹಿ ಮಾಲು ಮುಟ್ಟಿತು ಎನ್ನುವುದಕ್ಕೆ ಸಾಕಾಗಬಹುದು, ಈ ಪತ್ರಕ್ಕೆ ಸಾಲದು.