ರಾಜಕಾಲುವೆ ಬಿಡಿಸಲು ಊರನ್ನು ಒಪ್ಪಿಸಿದ್ದು: ನಕ್ಷೆ, ಚಿತ್ರ, ಫೋಟೊ

ನಮ್ಮೂರು ಕೋಲಾರ ತಾಲ್ಲೂಕಿನಲ್ಲಿದೆ. ವರ್ಷಪೂರ್ತಿ ಹರಿಯುವ ನದಿ ಜಿಲ್ಲೆಯಲ್ಲೇ ಇಲ್ಲ. ಬೋರ್‌ವೆಲ್ ಸಾವಿರ ಅಡಿ ದಾಟಿದರೂ ನೀರು ಸಿಗುವ ನಂಬಿಕೆ ಇಲ್ಲ. ಹಾಗಾಗಿ ಕೆರೆ ಹೂಳು ತೆಗೆಸೋಣ ಅಂದರೆ ಎಲ್ಲರೂ ಒಪ್ಪಿ ಕೈ ಎತ್ತುತ್ತಾರೆ. ಕೆರೆಗೆ ನೀರು ತರುವ ರಾಜಕಾಲುವೆ ಬಿಡಿಸೋಣ ಅಂದರೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಕಾಲುವೆ ಮುಚ್ಚಿಹೋಗಿರುವುದು ಯಾರದೋ ಹೊಲದಲ್ಲಿ, ಅಲ್ವಾ? ಕೆರೆ ಸಮಿತಿಯ ಪರವಾಗಿ ಗ್ರಾಮಸಭೆಯನ್ನು ಒಪ್ಪಿಸುವ ಕೆಲಸ ನನಗೆ ಬಂತು. ಬರೀ ಭಾಷಣದಿಂದ ಇದು ಆಗಲ್ಲ ಅನ್ನಿಸಿತು. ಚಿತ್ರ ಬಿಡಿಸಿ ತೋರಿಸಲು ಹೊರಟೆ.

ಮೊದಲು ಗ್ರಾಮ ನಕಾಶೆ ತಂದೆ. ಅದರಲ್ಲಿ ಸರ್ವೆ ನಂಬರ್‌ಗಳ ಜೊತೆ ಕೆರೆ, ಹಳ್ಳ, ದಾರಿ ಎಲ್ಲ ಇರುತ್ತವೆ. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಿಡಿದು ನಡೆದರೆ ನಾವು ನಿಂತ ಜಾಗ ಯಾವ ಸರ್ವೆ ನಂಬರ್ ಅಂತಲೂ ಗೊತ್ತಾಗುತ್ತದೆ. ಆದರೆ ನಕಾಶೆಯನ್ನು ಹಾಗೇ ತೋರಿಸಿದರೆ ಕಣ್ಣು ಎಲ್ಲೂ ನಿಲ್ಲುವುದಿಲ್ಲ. ಗೆರೆ, ನಂಬರು ಜಾಸ್ತಿ. ಅದಕ್ಕೆ ದೊಡ್ಡ ಬಿಳಿ ಬಟ್ಟೆಯ ಮೇಲೆ ಮತ್ತೆ ಬಿಡಿಸಿದೆ. ಹೊಲದ ಗೆರೆಗಳಿಗೆ ತೆಳು ಬೂದು. ನೀರಿಗೆ ಮಾತ್ರ ನೀಲಿ. ಕಾಲುವೆ ತೆರೆದಿರುವ ಕಡೆ ದಪ್ಪ ಗೆರೆ, ಮುಚ್ಚಿರುವ ಕಡೆ ಚುಕ್ಕಿ ಗೆರೆ. ಗುಡಿ, ಅರಳಿಕಟ್ಟೆ, ಶಾಲೆ, ಹಾಲಿನ ಡೇರಿಯನ್ನು ಚಿತ್ರವಾಗಿಯೇ ಹಾಕಿದೆ. ಓದು ಬಾರದವರೂ ಡೇರಿಯ ಗುರುತು ಹಿಡಿದು, ಅಲ್ಲಿಂದ ತಮ್ಮ ಹೊಲದವರೆಗೆ ಬೆರಳು ಓಡಿಸುತ್ತಿದ್ದರು.

ಒತ್ತುವರಿ ಜಾಗಕ್ಕೆ ಕೆಂಪು ಬಳಿ ಅಂತ ಗೆಳೆಯರು ಒತ್ತಾಯ ಮಾಡಿದರು. ನಾನು ಒಪ್ಪಲಿಲ್ಲ. ಹೊಲಕ್ಕೆ ಕೆಂಪು ಬಿದ್ದವರು ಜಗಳಕ್ಕೇ ನಿಲ್ಲುತ್ತಾರೆ. ಅವರು ಮನಸ್ಸು ಮಾಡದೆ ಕೆಲಸ ಸಾಗುವುದಿಲ್ಲ. ಯಾರು ಎಷ್ಟು ಒತ್ತಿದ್ದಾರೆ ಅನ್ನುವುದನ್ನು ಸರ್ವೆಯವರ ಅಳತೆ ಹೇಳಲಿ. ನೀರು ಎಲ್ಲಿ ನಿಂತುಹೋಗುತ್ತಿದೆ ಅಂತ ತೋರಿಸಿದರೆ ನನ್ನ ನಕ್ಷೆಗೆ ಸಾಕು.

1854ರಲ್ಲಿ ಲಂಡನ್ನಿನಲ್ಲಿ ಕಾಲರಾ ಬಂದಾಗ ಜಾನ್ ಸ್ನೋ ಎಂಬ ವೈದ್ಯರು ಸಾವುಗಳನ್ನು ಮನೆಮನೆ ಲೆಕ್ಕದಲ್ಲಿ ಬೀದಿ ನಕ್ಷೆಯ ಮೇಲೆ ಗುರುತಿಸಿದ್ದರು. ಗುರುತುಗಳು ಬ್ರಾಡ್ ಸ್ಟ್ರೀಟಿನ ಒಂದು ಕುಡಿಯುವ ನೀರಿನ ಪಂಪಿನ ಸುತ್ತ ಗುಂಪುಗೂಡಿ, ರೋಗ ನೀರಿನಿಂದ ಬರುತ್ತಿದೆ ಅಂತ ತೋರಿಸಿದವು. ಕೆಟ್ಟ ಗಾಳಿಯಿಂದ ಕಾಲರಾ ಬರುತ್ತದೆ ಎಂದು ಹೆಚ್ಚಿನವರು ನಂಬಿದ್ದ ಕಾಲ ಅದು. ಆ ನಕ್ಷೆ ನನಗೆ ತುಂಬಾ ಇಷ್ಟ. ಒಂದೊಂದು ಗುರುತೂ ಒಂದು ಮನೆಯದು. ಆ ಬೀದಿಯವರು ಅದನ್ನು ತಾವೇ ತಾಳೆ ನೋಡಬಹುದಿತ್ತು.

"ಮಳೆಯೇ ಇಲ್ಲ, ಕಾಲುವೆ ಯಾಕಪ್ಪಾ?" ಅನ್ನುವವರು ನಮ್ಮಲ್ಲಿ ಬಹಳ. ಅವರಿಗಾಗಿ ಇನ್ನೊಂದು ಹಾಳೆ ಮಾಡಿದೆ. ನಮ್ಮ ಕಡೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ. ಒಂದು ಎಕರೆ ಅಂದರೆ 4,047 ಚದರ ಮೀಟರ್. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಗುಣಿಸಿದರೆ ಎಕರೆಗೆ 28 ಲಕ್ಷ ಲೀಟರ್! ಈ ಸಂಖ್ಯೆ ಹೇಳಿದರೆ ಯಾರ ತಲೆಗೂ ಹೋಗಲ್ಲ. ಟ್ಯಾಂಕರ್ ನೀರು ಎಲ್ಲರೂ ಕೊಂಡವರೇ. 5,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 560ಕ್ಕೂ ಜಾಸ್ತಿ. ಹತ್ತು ಟ್ಯಾಂಕರಿಗೆ ಒಂದು ಚಿತ್ರದಂತೆ 56 ಟ್ಯಾಂಕರ್ ಬಿಡಿಸಿದೆ. ಎಲ್ಲವೂ ಒಂದೇ ಅಳತೆ. ಅಂಕಿಗಳನ್ನು ಚಿತ್ರಗಳಲ್ಲಿ ತೋರಿಸುವ ಪದ್ಧತಿ ರೂಪಿಸಿದ ವಿಯೆನ್ನಾದ ಒಟ್ಟೊ ನ್ಯೂರಾತ್ 1920ರ ದಶಕದಲ್ಲೇ ಇದನ್ನು ನಿಯಮ ಮಾಡಿಕೊಂಡಿದ್ದರು: ಪ್ರಮಾಣ ಹೆಚ್ಚಾದರೆ ಚಿತ್ರಗಳ ಸಂಖ್ಯೆ ಹೆಚ್ಚಿಸಿ, ಚಿತ್ರ ದೊಡ್ಡದು ಮಾಡಬೇಡಿ. ಉದ್ದ, ಎತ್ತರ ಎರಡೂ ಎರಡರಷ್ಟಾದರೆ ಕಣ್ಣಿಗೆ ಬೀಳುವ ಜಾಗ ನಾಲ್ಕರಷ್ಟಾಗುತ್ತದೆ. ಅದು ಸುಳ್ಳು ಹೇಳಿದ ಹಾಗೆ. ಇಷ್ಟೂ ನೀರು ಕೆರೆಗೆ ಬರುವುದಿಲ್ಲ, ಇಂಗುವುದು, ಆರುವುದು ಇದ್ದೇ ಇದೆ ಅಂತ ಕೆಳಗೆ ದಪ್ಪಕ್ಷರದಲ್ಲಿ ಬರೆದೆ.

ಫೋಟೊಗಳಿಗೂ ಇದೇ ಕಟ್ಟುನಿಟ್ಟು. ಬೇಸಿಗೆಯ ಒಣಕೆರೆಯನ್ನು ಮಳೆಗಾಲದ ತುಂಬಿದ ಕೆರೆಯ ಪಕ್ಕ ಇಟ್ಟರೆ ಯಾರು ಬೇಕಾದರೂ ಏನು ಬೇಕಾದರೂ ಸಾಧಿಸಬಹುದು. ಕೋಡಿಯ ಹತ್ತಿರದ ಒಂದೇ ಕಲ್ಲಿನ ಮೇಲೆ ನಿಂತು, ಬೇರೆ ಬೇರೆ ವರ್ಷದ ಅದೇ ತಿಂಗಳಲ್ಲಿ ತೆಗೆದವನ್ನಷ್ಟೇ ತಾರೀಖು ಹಾಕಿ ಅಂಟಿಸಿದೆ.

ಸಭೆಯಲ್ಲಿ ನಾನು ಮಾತಾಡಿದ್ದು ಕಮ್ಮಿ. ಬಟ್ಟೆಯನ್ನು ಗೋಡೆಗೆ ಕಟ್ಟದೆ ನೆಲದ ಮೇಲೆ ಹಾಸಿದೆ, ಸುತ್ತಲೂ ಕೂರಲಿ ಅಂತ. ಹಿಂದೆ ಕೆರೆ ನೀರು ಹಂಚುವ ನೀರಗಂಟಿ ಕೆಲಸ ಮಾಡಿದ್ದ ತಾತ ಒಬ್ಬರು ಬಗ್ಗಿ ನೋಡಿ, "ಇಲ್ಲೊಂದು ಕವಲು ಇತ್ತಲ್ಲ, ನಕಾಶೇಲಿ ಇಲ್ವಾ?" ಅಂದರು. "ನೀವೇ ಬಿಡಿಸಿ ತಾತ" ಅಂತ ಸ್ಕೆಚ್ ಪೆನ್ ಕೊಟ್ಟೆ. ಅವರು ಗೆರೆ ಎಳೆಯುತ್ತಿದ್ದಂತೆ ಹೆಂಗಸರು ಹತ್ತಿರ ಬಂದರು. ಯಾವ ಮೋರಿ ಕಟ್ಟಿಕೊಂಡಿದೆ, ಎಲ್ಲಿ ನೀಲಗಿರಿ ಬೆಳೆದಿದೆ ಅಂತ ಅವರೇ ಗುರುತು ಹಾಕತೊಡಗಿದರು. ಚುಕ್ಕಿ ಗೆರೆ ಹಾದುಹೋದ ಹೊಲದ ಅಣ್ಣ ಒಬ್ಬರು ತುಂಬಾ ಹೊತ್ತು ಸುಮ್ನೆ ಇದ್ದರು. ಆಮೇಲೆ ಕೇಳಿದರು: "ನನ್ನದರಲ್ಲಿ ಎಷ್ಟು ಅಡಿ ಹೋಗುತ್ತೆ?"

ನನಗೆ ಬೇಕಿದ್ದ ಪ್ರಶ್ನೆ ಅದೇ. ಕಾಲುವೆ ಬಿಡಿಸಬೇಕೋ ಬೇಡವೋ ಅನ್ನುವ ಚರ್ಚೆ ದಾಟಿ ಅಳತೆಯ ಮಾತು ಶುರುವಾಗಿತ್ತು. ಕಾಲುವೆಯ ಸರ್ವೆ ಮಾಡಿಸಬೇಕು ಅಂತ ಅವತ್ತೇ ಠರಾವು ಬರೆದರು. ಕೆಲವು ಹೊಲದವರು ಇನ್ನೂ ಒಪ್ಪಿಲ್ಲ. ಅವರು ಸಭೆಗೆ ಬರುವವರಲ್ಲ, ಹಾಗಾಗಿ ಬಟ್ಟೆ ಮಡಿಸಿಕೊಂಡು ಅವರ ಮನೆಗೇ ಹೋಗುತ್ತಿದ್ದೇನೆ.