ಟೇಕ್ ಫಾರ್ ಗ್ರಾಂಟೆಡ್ ಮತ್ತೆ ನನ್ನ ಪಜೀತಿ

ಇಂಗ್ಲಿಷ್‌ನಲ್ಲಿ ಮೇಲ್, ರಿಪೋರ್ಟ್ ಬರಿಯೋದೇ ನನ್ನ ಕೆಲ್ಸ, ಆದ್ರೂ ಈ ಒಂದು ಪದಗುಚ್ಛ ನನ್ನನ್ನ ವರ್ಷಗಟ್ಟಲೆ ಆಟ ಆಡಿಸ್ತು. ಮೊದಮೊದಲು 'ಟೇಕ್ ಆಸ್ ಗ್ರಾಂಟೆಡ್' ಅಂತ ಬರೀತಿದ್ದೆ, ಯಾರೂ ತಿದ್ದಲಿಲ್ಲ. ಆಮೇಲೆ 'ಫಾರ್' ಅಂತ ಗೊತ್ತಾಯ್ತು, ಸರಿ ಮಾಡ್ಕೊಂಡೆ, ಅಲ್ಲಿಗೆ ಮುಗೀತು ಅನ್ಕೊಂಡೆ.

ಒಂದ್ಸಲ ಕ್ಲೈಂಟ್ ಒಬ್ರಿಗೆ, ನೀವು ಒಪ್ಪಿದ್ದೀರಿ ಅನ್ಕೊಂಡು ಕೆಲ್ಸ ಶುರು ಮಾಡಿದ್ವಿ ಅಂತ ಹೇಳ್ಬೇಕಿತ್ತು, ನಾನು 'ವಿ ಟುಕ್ ಯು ಫಾರ್ ಗ್ರಾಂಟೆಡ್' ಅಂತ ಕಳ್ಸಿಬಿಟ್ಟೆ. ಅಂದ್ರೆ ಏನಾಯ್ತು ಗೊತ್ತಾ, ನೀವು ಎಲ್ಲಿಗೆ ಹೋಗ್ತೀರಾ ಬಿಡಿ ಅಂತ ನಿಮಗೆ ಬೆಲೆನೇ ಕೊಡ್ಲಿಲ್ಲ ಅಂತ ನಾನೇ ಲಿಖಿತವಾಗಿ ಒಪ್ಕೊಂಡ ಹಾಗಾಯ್ತು! ಗ್ರಾಮರ್ ಸರಿ, ಸ್ಪೆಲ್ಲಿಂಗ್ ಸರಿ, ಅರ್ಥ ಮಾತ್ರ ಹಳ್ಳ ಹಿಡೀತು.

ಗ್ರಾಂಟ್ ಅಂದ್ರೆ ನನ್ ತಲೇಲಿ ಅನುದಾನ, ಮಂಜೂರಾತಿ ಅಷ್ಟೇ ಇತ್ತು, ಅದೇ ತೊಂದ್ರೆ ಆಗಿದ್ದು. ವಾದ ಮಾಡೋವಾಗ ಎದುರಿನವರ ಮಾತನ್ನ 'ಸರಿ, ಇದನ್ನ ಒಪ್ತೀನಿ, ಮುಂದೆ ಹೇಳು' ಅಂತ ಬಿಟ್ಕೊಡೋದಕ್ಕೂ ಗ್ರಾಂಟ್ ಅಂತಾರೆ, ವಾಕ್ಯದ ಶುರುನಲ್ಲಿ 'ಗ್ರಾಂಟೆಡ್' ಅಂತ ಹಾಕಿ ಕಾಮಾ ಕೊಡ್ತಾರಲ್ಲ, ಅದೇ. ಇಲ್ಲೂ ಅಷ್ಟೇ, ಒಂದು ಮಾತನ್ನ ಯಾರೂ ಪ್ರಶ್ನೆ ಮಾಡ್ದೇನೇ ಒಪ್ಪಿಗೆ ಆಗಿರೋದು ಅಂತ ಇಟ್ಕೊಳ್ಳೋದು. ಇದು ತಿಳಿದ್ಮೇಲೆ 'ಆಸ್' ಕೈಗೆ ಬರೋದೇ ನಿಂತ್ಹೋಯ್ತು.

ಈಗ ನಾನು ನೋಡೋದು ಟೇಕ್‌ಗೂ ಫಾರ್‌ಗೂ ಮಧ್ಯೆ ಏನಿದೆ ಅಂತ. ಅಲ್ಲಿ 'ಇಟ್' ಇದ್ದು, ಮುಂದೆ 'ದಟ್' ಹಾಕಿ ವಿಷಯ ಬಂದ್ರೆ ಊಹೆ ಮಾಡ್ಕೊಂಡ್ವಿ ಅಂತ ಅರ್ಥ. ಮನುಷ್ಯರು ಕೂತಿದ್ರೆ ಮುಕ್ಕಾಲುಪಾಲು ದೂರಿನ ಅರ್ಥನೇ. 'ಹರ್ ಹೆಲ್ಪ್' ಥರದ್ದು ಇದ್ರೆ ಎರಡೂ ಆಗ್ಬಹುದು, ಅವರ ಸಹಾಯ ಸಿಕ್ಕೇ ಸಿಗತ್ತೆ ಅನ್ಕೊಂಡ್ವಾ, ಇಲ್ಲಾ ಸಿಕ್ಕ ಸಹಾಯಕ್ಕೆ ಬೆಲೆ ಕೊಡ್ಲಿಲ್ವಾ, ಅಂಥ ಕಡೆ ನಾನು ವಾಕ್ಯನೇ ಬದಲಾಯಿಸ್ತೀನಿ.

ಅಂದಹಾಗೆ ಈ 'ಗ್ರಾಂಟೆಡ್' ಅನ್ನೋದನ್ನ 'ಗ್ರಾನೈಟ್' ಅಂತ ಬರಿಯೋರೂ ಇದ್ದಾರೆ, ಇಂಗ್ಲಿಷ್ ಮಾತೃಭಾಷೆ ಆಗಿರೋರೇ! ಕಿವಿಗೆ ಕೇಳಿದ ಹಾಗೆ ಬರ್ದು ಅದಕ್ಕೊಂದು ಅರ್ಥನೂ ಹೊಂದಿಸ್ಕೊಳ್ಳೋ ಇಂಥ ತಪ್ಪಿಗೆ 2003ರಲ್ಲಿ ಭಾಷಾತಜ್ಞ ಜೆಫ್ರಿ ಪುಲ್ಲಮ್ 'ಎಗ್‌ಕಾರ್ನ್' ಅಂತ ಹೆಸರು ಸೂಚಿಸಿದ್ರು. ಗ್ರಾನೈಟ್ ಕೂಡ ಸರಿಯಾದ ಪದನೇ ಆಗಿರೋದ್ರಿಂದ ಸ್ಪೆಲ್‌ಚೆಕ್ ಕೆಂಪು ಗೆರೆ ಎಳೆಯುತ್ತೆ ಅಂತ ಕಾಯ್ಬೇಡಿ.

ರಿಪೋರ್ಟ್‌ನಲ್ಲಂತೂ ನಾನೀಗ ಈ ಪದಗುಚ್ಛ ಬಳಸೋದೇ ಕಮ್ಮಿ, 'ಇಟ್ ವಾಸ್ ಟೇಕನ್ ಫಾರ್ ಗ್ರಾಂಟೆಡ್' ಅಂದ್ರೆ ಊಹೆ ಮಾಡಿದ್ದು ಯಾರು ಅನ್ನೋದೇ ಮಾಯ ಆಗತ್ತೆ, ಅದ್ಕೆ ನೇರವಾಗಿ 'ವಿ ಅಸ್ಯೂಮ್ಡ್' ಅಂತ ಬರೀತೀನಿ.