ಬರ್ಗಂಡಿ ಹಳ್ಳಿಗಳಲ್ಲಿ ನಾಲ್ಕು ದಿನ ಸೈಕಲ್ ಹೊಡಿಯೋದು ಹೇಗೆ

ಫ್ರಾನ್ಸಲ್ಲಿ ಸೈಕಲ್ ಟೂರ್ ಅಂದ ತಕ್ಷಣ ಎಲ್ರೂ ಕೇಳೋದು ದಿನಕ್ಕೆ ಎಷ್ಟು ಕಿಲೋಮೀಟರ್ ಹೊಡಿಬಹುದು ಅಂತ. ಅದಕ್ಕಿಂತ ಮುಂಚೆ ಕೇಳ್ಬೇಕಾದ್ದು ಮುಂದಿನ ಹಳ್ಳೀಲಿ ಬೇಕರಿ ಎಷ್ಟೊತ್ತಿಗೆ ಬಾಗಿಲು ಹಾಕತ್ತೆ ಅಂತ. ನಾನು ಅಲ್ಲಿನ ಬರ್ಗಂಡಿ ಪ್ರಾಂತ್ಯಕ್ಕೆ ಎರಡು ಸಲ ಹೋಗ್ಬಂದೆ, ಒಂದ್ಸಲ ಒಬ್ನೇ, ಇನ್ನೊಂದ್ಸಲ ಅಕ್ಕನ ಜೊತೆ, ಮೊದಲನೇ ಸಲ ದಿನಕ್ಕೆ 80 ಕಿ.ಮೀ. ಪ್ಲಾನ್ ಹಾಕ್ಕೊಂಡು ಒಂದೂ ಹಳ್ಳಿ ಸರಿಯಾಗಿ ನೋಡ್ಲಿಲ್ಲ, ಎರಡನೇ ಸಲ 40 ಮಾಡಿದ್ವಿ, ಆಗ ಊರು ಕಣ್ಣಿಗೆ ಬಿತ್ತು. ಕೆಳಗಿರೋದು ಆ ಎರಡನೇ ಸಲದ ದಾರಿ, ಬೋನ್‌ನಿಂದ ತುರ್ನ್ಯುವರೆಗೆ ನಾಲ್ಕು ದಿನ. ಯಾವತ್ತೂ ಟೂರ್ ಮಾಡದೇ ಇರೋರೂ ಮಾಡಬಹುದಾದ ದಾರಿ ಇದು.

ಮೊದಲು ತಿಂಗಳು, ಆಮೇಲೆ ವೀಸಾ

ಮೇ, ಜೂನ್, ಇಲ್ಲಾಂದ್ರೆ ಸೆಪ್ಟೆಂಬರ್. ಜೂನ್ ಕೊನೇಲಿ ರಾತ್ರಿ ಒಂಬತ್ತೂವರೆ ತನಕ ಬೆಳಕಿರತ್ತೆ, ಕತ್ತಲಾಗೋ ಭಯಾನೇ ಇಲ್ಲ. ಸೆಪ್ಟೆಂಬರಲ್ಲಿ ದ್ರಾಕ್ಷಿ ಕೊಯ್ಲು, ನೋಡೋಕೆ ಚೆಂದ, ಆದ್ರೆ ತೋಟದ ದಾರೀಲಿ ಟ್ರ್ಯಾಕ್ಟರ್ ಓಡಾಟ ಜಾಸ್ತಿ, ರೂಮೂ ಬೇಗ ತುಂಬತ್ತೆ. ನವೆಂಬರ್ ಮೂರನೇ ಭಾನುವಾರ ಬೋನ್‌ನಲ್ಲಿ ವೈನ್ ಹರಾಜು ನಡಿಯತ್ತೆ, ಆ ವಾರ ಆ ಕಡೆ ಹೋಗಲೇಬೇಡಿ.

ಫ್ರಾನ್ಸಿಗೆ ಬೇಕಾಗೋದು ಷೆಂಗೆನ್ ವೀಸಾ, ಯುರೋಪಿನ ಸುಮಾರು ದೇಶಗಳಿಗೆ ಸೇರಿ ಒಂದೇ ವೀಸಾ. ಅದಕ್ಕೆ ಪ್ರಯಾಣಕ್ಕೆ ಆರು ತಿಂಗಳು ಇರುವಾಗಿಂದ್ಲೇ ಅರ್ಜಿ ಹಾಕಬಹುದು, ದೊಡ್ಡವರಿಗೆ ಫೀಸು 90 ಯೂರೋ, ಕನಿಷ್ಠ 30,000 ಯೂರೋ ಕವರ್ ಇರೋ ಟ್ರಾವೆಲ್ ಇನ್ಶೂರೆನ್ಸ್ ಬೇಕೇ ಬೇಕು. ಪ್ರತಿ ರಾತ್ರಿ ಎಲ್ಲಿ ಮಲಗ್ತೀರಿ ಅಂತ ತೋರಿಸಬೇಕಾಗೋದ್ರಿಂದ ದಾರಿ ಮೊದಲೇ ಫಿಕ್ಸ್ ಮಾಡ್ಕೊಳ್ಳಿ.

ಸೈಕಲ್ ಅಲ್ಲೇ ಬಾಡಿಗೆಗೆ ತಗೊಳ್ಳಿ

ನಿಮ್ಮ ಸೈಕಲ್ ಬಿಚ್ಚಿ ಬಾಕ್ಸ್‌ಗೆ ಹಾಕಿ ವಿಮಾನದಲ್ಲಿ ತಗೊಂಡು ಹೋಗಬಹುದು, ಆದ್ರೆ ನಾಲ್ಕು ದಿನಕ್ಕೆ ಆ ಒದ್ದಾಟ ಬೇಡ. ಬೋನ್‌ನಲ್ಲಿ ಬಾಡಿಗೆ ಸೈಕಲ್ ಅಂಗಡಿಗಳಿವೆ, ಟ್ರೆಕ್ಕಿಂಗ್ ಸೈಕಲ್ ಕೇಳಿ, ಹಿಂದೆ ಕ್ಯಾರಿಯರ್, ಎರಡು ಕಡೆ ಬ್ಯಾಗು, ಬೆಲ್ಲು, ಲೈಟು ಇರಬೇಕು. ಪೆಡಲ್ ಹತ್ರ ಚಿಕ್ಕ ಸೈಜಿನ ಹಲ್ಲುಚಕ್ರವೂ ಇದ್ಯಾ ನೋಡಿ, ಲಗೇಜ್ ಹೇರ್ಕೊಂಡು ಏರು ಹತ್ತೋಕೆ ಅದೇ ಗತಿ. ಮೊಣಕಾಲು ನೋವಿದ್ರೆ ಸಂಕೋಚ ಇಲ್ದೆ ಇ-ಬೈಕ್ ತಗೊಳ್ಳಿ, ಅಕ್ಕ ಅದನ್ನೇ ತಗೊಂಡ್ಳು, ಏರಲ್ಲಿ ನನಗಿಂತ ಮುಂದೆ ಹೋಗಿ ಹಳ್ಳಿ ನೀರಿನ ಕಟ್ಟೆ ಮೇಲೆ ಕೂತು ಕಾಯ್ತಿದ್ಳು. ಇನ್ನೊಂದು, ಬೋನ್‌ನಲ್ಲಿ ತಗೊಂಡ ಸೈಕಲ್ ಅಲ್ಲೇ ವಾಪಸ್ ಕೊಡಬೇಕಾ ಅಂತ ಕೇಳ್ಕೊಳ್ಳಿ, ಕೊಡಬೇಕಾದ್ರೂ ಪರವಾಗಿಲ್ಲ, ತುರ್ನ್ಯುನಿಂದ ರೈಲಲ್ಲಿ ಹಾಕ್ಕೊಂಡು ಬರಬಹುದು.

ಹೊರಡೋ ಮುಂಚೆ ಖಾಲಿ ಜಾಗದಲ್ಲಿ ಒಂದು ಹತ್ತು ನಿಮಿಷ ಓಡಿಸಿ ನೋಡಿ, ಯಾಕಂದ್ರೆ ಬ್ರೇಕ್ ಉಲ್ಟಾ. ನಮ್ಮ ಕಡೆ ಸಾಮಾನ್ಯವಾಗಿ ಬಲಗೈ ಬ್ರೇಕ್ ಮುಂದಿನ ಚಕ್ರದ್ದು, ಅಲ್ಲಿ ಬಲಗೈದು ಹಿಂದಿನದ್ದು, ಎಡಗೈದು ಮುಂದಿನದ್ದು. ಗಾಬರೀಲಿ ಎಡಗೈ ಜೋರಾಗಿ ಹಿಡಿದ್ರೆ ಹ್ಯಾಂಡಲ್ ಮೇಲಿಂದ ಹಾರೋದೇ. ಟ್ಯೂಬಿನ ವಾಲ್ವ್ ತೆಳು ಕಡ್ಡಿ ತರದ್ದಾ ಅಥವಾ ನಮ್ಮ ಬೈಕ್‌ದ್ದರ ತರ ದಪ್ಪದ್ದಾ ನೋಡಿ, ಅದಕ್ಕೆ ಹೊಂದೋ ಪಂಪು, ಎರಡು ಸ್ಪೇರ್ ಟ್ಯೂಬು, ಟೈರ್ ಬಿಚ್ಚೋ ಕಡ್ಡಿ, ಪಂಕ್ಚರ್ ಪ್ಯಾಚು, ಆಲನ್ ಕೀ ಸೆಟ್ಟು ಕೇಳಿ ಇಸ್ಕೊಳ್ಳಿ. ದಾರೀಲಿ ನಮ್ಮೂರ ತರ ಮೂಲೆಮೂಲೆಗೆ ಪಂಕ್ಚರ್ ಅಂಗಡಿ ಇಲ್ಲ. ಲಗೇಜು ಒಟ್ಟು 8 ಕೆ.ಜಿ. ದಾಟಬಾರದು, ಎರಡು ಜೊತೆ ಬಟ್ಟೆ, ಮಳೆ ಜಾಕೆಟ್, ಪ್ಯಾಡ್ ಇರೋ ಚಡ್ಡಿ ಎರಡು, ದಿನಾ ರಾತ್ರಿ ಒಂದು ಒಗೆದು ಒಣಗ್ಹಾಕಿ.

ಒಂದು ತಿಂಗಳು ಏರು ಅಭ್ಯಾಸ

ಬರ್ಗಂಡೀಲಿ ದೊಡ್ಡ ಘಾಟಿ ಇಲ್ಲ, ಆದ್ರೆ ನೆಲ ಅಲೆಅಲೆಯಾಗಿದೆ, 50 ಮೀಟರ್ ಏರು, ಇಳಿ, ಮತ್ತೆ ಏರು. ಬೆಂಗಳೂರಿನೋರು ನಂದಿ ಬೆಟ್ಟ ಒಂದ್ಸಲ ಹತ್ತಿ ಸಾಕು ಅನ್ಕೋಬೇಡಿ, ಬ್ಯಾಗಿಗೆ ಭಾರ ತುಂಬ್ಕೊಂಡು ವಾರಕ್ಕೆರಡು ಸಲ 30 ಕಿ.ಮೀ. ಸಣ್ಣ ಏರಿಳಿತದ ರಸ್ತೇಲಿ ಹೋಗಿ. ಏರು ಶುರುವಾಗೋ ಮುಂಚೇನೇ ಗೇರ್ ಇಳಿಸಿ, ಏರಿನ ಮಧ್ಯ ಒತ್ತಿ ತುಳೀತಾ ಇಳಿಸಿದ್ರೆ ಚೈನ್ ಕಚ್ಕೊಳ್ಳತ್ತೆ. ನನ್ನ ಲೆಕ್ಕ ಇಷ್ಟು, ಲಗೇಜ್ ಜೊತೆ ಸಮತಟ್ಟು ದಾರೀಲಿ ಗಂಟೆಗೆ 15 ಕಿ.ಮೀ., ಆಮೇಲೆ ಪ್ರತಿ 100 ಮೀಟರ್ ಏರಿಗೆ 15 ನಿಮಿಷ ಎಕ್ಸ್‌ಟ್ರಾ.

ಫೋನ್ ಮ್ಯಾಪ್ ಇದ್ರೂ ಒಂದು ಪೇಪರ್ ಮಿಶೆಲಾಂ ಮ್ಯಾಪ್ ತಗೊಳ್ಳಿ. ಅದ್ರಲ್ಲಿ ರಸ್ತೆ ಮೇಲೆ ಸಣ್ಣ ಬಾಣ ಇರತ್ತೆ, ಒಂದು ಬಾಣ ಅಂದ್ರೆ 5ರಿಂದ 9 ಪರ್ಸೆಂಟ್ ಏರು, ಎರಡು ಅಂದ್ರೆ 9ರಿಂದ 13, ಮೂರು ಅಂದ್ರೆ ಅದಕ್ಕಿಂತ ಜಾಸ್ತಿ, ಬಾಣದ ಮೂತಿ ಏರಿನ ಕಡೆಗೆ. ಕೆಂಪು ರಸ್ತೆ ಬಿಟ್ಟು ಬಿಳಿ, ಹಳದಿ ರಸ್ತೆ ಹಿಡೀರಿ, ಪಕ್ಕದಲ್ಲಿ ಹಸಿರು ಗೆರೆ ಇದ್ರೆ ನೋಟ ಚೆನ್ನಾಗಿರೋ ದಾರಿ ಅಂತ.

ದಾರಿ

ಪ್ಯಾರಿಸ್‌ನಿಂದ ದಿಜೋನ್, ಅಲ್ಲಿಂದ ಬೋನ್‌ಗೆ ಲೋಕಲ್ ರೈಲಲ್ಲಿ ಸುಮಾರು 20 ನಿಮಿಷ. ಹೊರಡೋ ಮುಂಚೆ ಬೆಳಿಗ್ಗೆ ಒತೆಲ್-ದ್ಯೋ ನೋಡ್ಬಿಡಿ, 1443ರಲ್ಲಿ ನಿಕೊಲಾ ರೊಲಾಂ ಅನ್ನೋ ಬರ್ಗಂಡಿ ಚಾನ್ಸೆಲರ್ ಬಡವರಿಗೆ ಅಂತ ಕಟ್ಟಿಸಿದ ಆಸ್ಪತ್ರೆ, ಬಣ್ಣಬಣ್ಣದ ಹೆಂಚಿನ ಮಾಡು, ಒಳಗೆ ಸಾಲಾಗಿ ಕೆಂಪು ಪರದೆ ಹಾಕಿದ ಮಂಚ. ಹತ್ತೂವರೆಗೆ ಹೊರಟ್ರೂ ಸಾಕು, ಮೊದಲ ದಿನ ಸಾಂತ್ನೇವರೆಗೆ 22 ಕಿ.ಮೀ. ಅಷ್ಟೇ, ಪೊಮ್ಮಾರ್, ವೊಲ್ನೇ, ಮ್ಯೋರ್ಸೋ, ಪ್ಯುಲಿನ್ಯಿ ಅಂತ ಹಳ್ಳಿ ಮೇಲೆ ಹಳ್ಳಿ, ಪೂರ್ತಿ ದ್ರಾಕ್ಷಿ ತೋಟದ ಮಧ್ಯ. ಇಲ್ಲಿ ತೋಟದ ಒಂದೊಂದು ತುಂಡಿಗೂ ಅದರದ್ದೇ ಹೆಸರಿದೆ, ಕ್ಲಿಮಾ ಅಂತಾರೆ, 2015ರಲ್ಲಿ ಇದನ್ನ ಯುನೆಸ್ಕೋ ಪಟ್ಟಿಗೆ ಸೇರಿಸಿದ್ರು. ನಮ್ಮ ಕಡೆ ಗದ್ದೆಗೆ ಹೆಸರಿಡ್ತಾರಲ್ಲ ಹಾಗೇ, ಕಲ್ಲಿನ ಗೋಡೆ ಮೇಲೆ ಕೆತ್ತಿರ್ತಾರೆ, ಅದನ್ನ ಓದ್ತಾ ಓದ್ತಾ ಹೋದ್ರೆ 22 ಕಿ.ಮೀ.ಗೆ ಅರ್ಧ ದಿನ ಬೇಕು. ವೈನ್ ರುಚಿ ನೋಡೋದಿದ್ರೆ ಸಂಜೆ ಸೈಕಲ್ ನಿಲ್ಲಿಸಿದ ಮೇಲೆ, ಕುಡಿದು ಓಡಿಸಬಾರದು ಅನ್ನೋ ಕಾನೂನು ಸೈಕಲ್‌ಗೂ ಇದೆ.

ಎರಡನೇ ದಿನ ಶಾಗ್ನಿ ಕಡೆಯಿಂದ ಕಾಲುವೆ ದಂಡೆ ಹಿಡಿದು ಶಾಲೋನ್, ಸಮತಟ್ಟು ದಾರಿ, ಲಾಕ್‌ಗಳಲ್ಲಿ (ನೀರಿನ ಮಟ್ಟ ಏರಿಸಿ ಇಳಿಸೋ ಗೇಟುಗಳು) ದೋಣಿ ಏರಿಳಿಯೋದು ನೋಡ್ತಾ ನಿಂತ್ಬಿಡ್ತೀರಿ. ಶಾಲೋನ್ ಊರು ಫೋಟೋ ಕಂಡುಹಿಡಿದ ನಿಸೆಫೋರ್ ನಿಯೆಪ್ಸ್ ಹುಟ್ಟಿದ್ದು, ಅವರ ಹೆಸರಿನ ಮ್ಯೂಸಿಯಂ ಇದೆ. ಸಂಜೆಗೆ ಜಿವ್ರಿ ಸೇರ್ಕೊಳ್ಳಿ.

ಮೂರನೇ ದಿನ ನನಗೆ ಎಲ್ಲಕ್ಕಿಂತ ಇಷ್ಟ. ಜಿವ್ರಿಯಿಂದ ಕ್ಲ್ಯೂನಿವರೆಗೆ 44 ಕಿ.ಮೀ. ಹಳೇ ರೈಲು ದಾರಿ, ಹಳಿ ಕಿತ್ತು ಟಾರ್ ಹಾಕಿ 1997ರಲ್ಲಿ ಸೈಕಲ್‌ಗೆ ಬಿಟ್ರು, ಫ್ರಾನ್ಸಿನ ಮೊದಲ ವ್ವಾ ವೆರ್ತ್, ಅಂದ್ರೆ ಹಸಿರು ದಾರಿ, ಇದೇ. ರೈಲು ಕಡಿದಾದ ಏರು ಹತ್ತಲ್ವಲ್ಲ, ಹಾಗಾಗಿ ಸುತ್ತ ಗುಡ್ಡ ಇದ್ರೂ ನಿಮ್ಮ ದಾರಿ ಮೆಲ್ಲಗೆ ಏರಿ ಮೆಲ್ಲಗೆ ಇಳಿಯತ್ತೆ, ಕಾರಿನ ಕಾಟವೂ ಇಲ್ಲ. ಬ್ಯುಸ್ಸಿ ಬರತ್ತೆ (ಬೋರ್ಡ್ ನೋಡಿ ಬಕ್ಸಿ ಅಂತ ಓದ್ತೀವಿ, ಹಾಗಂತ ಕೇಳಿದ್ರೆ ಯಾರಿಗೂ ಅರ್ಥ ಆಗಲ್ಲ), ಆಮೇಲೆ ಸಾಂ ಜಾಂಗೂ, ಹಳೇ ಬೀದಿಗಳ ಊರು, ಊಟಕ್ಕೆ ಇಲ್ಲೇ ನಿಲ್ಲಿ. ಮಧ್ಯಾಹ್ನ ಕೊರ್ಮಾತಾಂ, ಸುತ್ತ ನೀರಿನ ಕಂದಕ ಇರೋ 17ನೇ ಶತಮಾನದ ಅರಮನೆ. ಸ್ವಲ್ಪ ಮುಂದೆ ಗುಡ್ಡದ ಮೇಲೆ ತೇಜೆ, 1940ರಲ್ಲಿ ಬ್ರದರ್ ರೊಜೇ ಶುರು ಮಾಡಿದ ಆಶ್ರಮದಂಥ ಜಾಗ, ದಿನಕ್ಕೆ ಮೂರು ಸಲ ಪ್ರಾರ್ಥನೆ, ಯಾವ ಧರ್ಮದೋರು ಹೋದ್ರೂ ಕೂರಬಹುದು, ಅಕ್ಕ ಅಲ್ಲಿ ಹಾಡು ಕೇಳ್ತಾ ಕೂತು ಎದ್ದೇಳ್ಲೇ ಇಲ್ಲ, ಕ್ಲ್ಯೂನಿಗೆ ಹೋಗೋದು ಏಳು ಗಂಟೆ ಆಯ್ತು.

ಕ್ಲ್ಯೂನಿ ಮಠ ಶುರುವಾಗಿದ್ದು 910ರಲ್ಲಿ, 1088ರಲ್ಲಿ ಶುರು ಮಾಡಿದ ಅವರ ಮೂರನೇ ಚರ್ಚು ಸುಮಾರು 187 ಮೀಟರ್ ಉದ್ದ ಇತ್ತು, ರೋಮಿನಲ್ಲಿ ಈಗಿರೋ ಸೇಂಟ್ ಪೀಟರ್ಸ್ ಕಟ್ಟೋ ತನಕ ಕ್ರೈಸ್ತ ಲೋಕದಲ್ಲಿ ಅದಕ್ಕಿಂತ ದೊಡ್ಡ ಚರ್ಚೇ ಇರಲಿಲ್ಲ. ಫ್ರೆಂಚ್ ಕ್ರಾಂತಿ ಆದ್ಮೇಲೆ 1798ರಲ್ಲಿ ಮಾರಿಬಿಟ್ರು, ತಗೊಂಡೋರು ಕಲ್ಲಿಗೋಸ್ಕರ ಒಡೆದ್ರು, ಉಳಿದಿರೋದು ಹತ್ತರಲ್ಲೊಂದು ಭಾಗಾನೂ ಇಲ್ಲ. ಶಿಲುಬೆ ಆಕಾರದ ಆ ಚರ್ಚಲ್ಲಿ ಉಳಿದ ಒಂದು ತೋಳಿನ ಕೆಳಗೆ ನಿಂತು ತಲೆ ಎತ್ತಿ ನೋಡಿ, 30 ಮೀಟರ್ ಎತ್ತರ ಇದೆ, ಇದು ಬರೀ ಒಂದು ಮೂಲೆ ಅಂತ ಗೊತ್ತಾದಾಗ ಹೊಟ್ಟೆ ಉರಿಯತ್ತೆ.

ನಾಲ್ಕನೇ ದಿನವೇ ನಿಜವಾದ ಏರು. ಬಂದ ದಾರೀಲೇ ಕೊರ್ಮಾತಾಂಗೆ ವಾಪಸ್ ಬಂದು ಪೂರ್ವಕ್ಕೆ ತಿರುಗಿ, ಶಾಪೇಜ್‌ನಲ್ಲಿ 11ನೇ ಶತಮಾನದ ಚರ್ಚು, ಸಣ್ಣ ಹಳ್ಳಿಗೆ ಅಷ್ಟೆತ್ತರದ ಗೋಪುರ ಯಾಕೆ ಅನ್ಸತ್ತೆ. ಅಲ್ಲಿಂದ ಬ್ರಾನ್ಸಿಯೋಂಗೆ ಏರು, ಗುಡ್ಡದ ತುದೀಲಿ ಕೋಟೆ, ಮರದ ಕಂಬದ ಹಳೇ ಸಂತೆಕಟ್ಟೆ, ಕೈಬೆರಳಲ್ಲಿ ಎಣಿಸೋಷ್ಟು ಮನೆ. ಕೊನೇ ಸ್ವಲ್ಪ ದೂರ ಇಳಿದು ತಳ್ಕೊಂಡು ಹೋದ್ರೂ ತಪ್ಪಿಲ್ಲ. ಇಳಿಯೋವಾಗ ತಿರುವಿಗೆ ಮುಂಚೇನೇ ಬ್ರೇಕ್ ಹಿಡೀರಿ, ತಿರುವಿನಲ್ಲಿ ಜಲ್ಲಿ ಇರತ್ತೆ. ಒಟ್ಟು ಸುಮಾರು 40 ಕಿ.ಮೀ.ಗೆ ತುರ್ನ್ಯು.

ಊಟ, ನೀರು, ರಸ್ತೆ

ಇದನ್ನ ಗಮನ ಇಟ್ಟು ಓದಿ, ಮೊದಲ ಸಲ ನಾನು ಸೋಮವಾರ ಒಂದು ಹಳ್ಳಿಗೆ ಮಧ್ಯಾಹ್ನ ಎರಡೂವರೆಗೆ ಹೋಗಿ ಸಂಜೆವರೆಗೆ ಬರೀ ಬಿಸ್ಕೆಟ್ ತಿಂದಿದ್ದೀನಿ. ಸಣ್ಣೂರಲ್ಲಿ ಅಂಗಡಿಗಳು ಮಧ್ಯಾಹ್ನ 12ರಿಂದ 2ರವರೆಗೆ ಮುಚ್ಚಿರತ್ತೆ, ಹೋಟೆಲಲ್ಲಿ ಊಟ ಅದೇ 12ರಿಂದ 2, ಎರಡು ದಾಟಿದ್ರೆ ಅಡುಗೆಮನೆ ಬಂದ್, ರಾತ್ರಿ ಏಳು ಏಳೂವರೆ ತನಕ ಏನೂ ಇಲ್ಲ. ಭಾನುವಾರ ಮಧ್ಯಾಹ್ನದ ಮೇಲೆ ಮತ್ತು ಸೋಮವಾರ ಸುಮಾರು ಕಡೆ ರಜೆ. ಅದಕ್ಕೆ ಬೆಳಿಗ್ಗೇನೇ ಬುಲಾಂಜರಿಯಲ್ಲಿ, ಅಂದ್ರೆ ಬೇಕರೀಲಿ, ಬಾಗೆತ್ ಅನ್ನೋ ಉದ್ದದ ಬ್ರೆಡ್ ತಗೊಂಡು ಬ್ಯಾಗಿಗೆ ಸಿಕ್ಕಿಸ್ಕೊಳ್ಳಿ, ಜೊತೆಗೆ ಇಲ್ಲಿನ ಮೇಕೆ ಹಾಲಿನ ಚೀಸು, ಟೊಮೇಟೊ, ಒಂದು ಪ್ಯಾಕೆಟ್ ಚಟ್ನಿಪುಡಿ ಮನೆಯಿಂದ ತಂದಿದ್ರೆ ಇನ್ನೂ ಒಳ್ಳೇದು. ಸಸ್ಯಾಹಾರಿಗಳು "ಸಾಂ ವಿಯಾಂದ್, ಸಾಂ ಪ್ವಾಸೋಂ" ಅನ್ನಿ, ಮಾಂಸ ಬೇಡ ಮೀನು ಬೇಡ ಅಂತ, ಸಲಾಡಲ್ಲೂ ಲಾರ್ದೋಂ ಅನ್ನೋ ಹಂದಿಮಾಂಸದ ಚೂರು ಹಾಕ್ತಾರೆ, ಕೇಳ್ಬಿಟ್ಟು ಆರ್ಡರ್ ಮಾಡಿ. ಸುಮಾರು ಚೀಸುಗಳಲ್ಲಿ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಇರತ್ತೆ, ಕಟ್ಟುನಿಟ್ಟಿನೋರಿಗೆ ಇದು ಗೊತ್ತಿರ್ಲಿ. ಅಂಗಡಿಗೆ ಕಾಲಿಟ್ಟ ತಕ್ಷಣ "ಬೋಂಜೂರ್" ಅನ್ನಿ, ಅದನ್ನ ಹೇಳ್ದೆ ನೇರ ಸಾಮಾನು ಕೇಳಿದ್ರೆ ಒರಟು ಅನ್ಕೋತಾರೆ.

ನೀರು ಖಾಲಿಯಾದ್ರೆ ಹಳ್ಳಿ ಸ್ಮಶಾನ ಹುಡುಕಿ, ಹೂವಿಗೆ ನೀರು ಹಾಕೋಕೆ ನಲ್ಲಿ ಇರತ್ತೆ, "ನೋಂ ಪೊತಾಬ್ಲ್" ಅಂತ ಬರೆದಿದ್ರೆ ಮಾತ್ರ ಕುಡೀಬೇಡಿ. ಬಿಸಿಲಿಗೆ ಸುಸ್ತಾದ್ರೆ ಲಾವ್ವಾರ್ ಒಳಗೆ ಕೂರಿ, ಹಿಂದೆ ಊರಿನ ಹೆಂಗಸರು ಬಟ್ಟೆ ಒಗೀತಿದ್ದ ಮಾಡು ಹಾಕಿದ ಕಲ್ಲಿನ ಕಟ್ಟೆ, ಯಾವಾಗ್ಲೂ ತಂಪು.

ರಸ್ತೇಲಿ ಬಲಗಡೆ ಹೋಗ್ಬೇಕು ಅನ್ನೋದು ಗೊತ್ತಿರತ್ತೆ, ಗೊತ್ತಿಲ್ದೇ ಇರೋದು ಇದು, ಊರೊಳಗೆ ಬೋರ್ಡ್ ಇಲ್ಲದ ಕೂಡು ರಸ್ತೇಲಿ ಬಲಗಡೆಯಿಂದ ಬರೋರಿಗೆ ಮೊದಲ ಹಕ್ಕು, ಸಣ್ಣ ಓಣಿಯಿಂದ ಬಂದ್ರೂ ಅಷ್ಟೇ. ಹೆಲ್ಮೆಟ್ ಕಾನೂನು 12 ವರ್ಷದ ಒಳಗಿನ ಮಕ್ಕಳಿಗೆ ಮಾತ್ರ, ಆದ್ರೂ ಹಾಕ್ಕೊಳ್ಳಿ. ಊರ ಹೊರಗೆ ಕತ್ತಲಾದ್ರೆ ಹೊಳೆಯೋ ಜಾಕೆಟ್ ಕಡ್ಡಾಯ. ಏನಾದ್ರೂ ಆದ್ರೆ 112.

ವಾಪಸ್

ತುರ್ನ್ಯುನಲ್ಲಿ ರೈಲಿಗೆ ಮುಂಚೆ ಸಾಂ ಫಿಲಿಬೇರ್ ಚರ್ಚಿಗೆ ಒಂದು ಗಂಟೆ ಇಟ್ಕೊಳ್ಳಿ, ದಪ್ಪ ಗುಂಡು ಕಂಬಗಳು, ಗರ್ಭಗುಡಿ ಸುತ್ತೋ ಪ್ರದಕ್ಷಿಣೆಯಂಥ ದಾರೀಲಿ ನೆಲದ ಮೇಲೆ 12ನೇ ಶತಮಾನದ ಮೊಸಾಯಿಕ್, ರಾಶಿಗಳೂ ತಿಂಗಳ ಕೆಲಸಗಳೂ ಅದರಲ್ಲಿವೆ. ಆಮೇಲೆ ಸ್ಟೇಷನ್. ಲೋಕಲ್ ರೈಲಲ್ಲಿ ಸೈಕಲ್ ಹಾಗೇ ಹತ್ತಿಸಬಹುದು, ಆದ್ರೆ ಜಾಗ ಕಮ್ಮಿ, ಬೇಸಿಗೇಲಿ ಕೆಲವು ರೈಲಿಗೆ ಮೊದಲೇ ಬುಕ್ ಮಾಡ್ಬೇಕಾಗತ್ತೆ, ರೈಲ್ವೆ ಆಪ್‌ನಲ್ಲಿ ನೋಡ್ಕೊಳ್ಳಿ. ಪ್ಲಾಟ್‌ಫಾರ್ಮಿಗೆ 15 ನಿಮಿಷ ಮುಂಚೆ ಹೋಗಿ ಬ್ಯಾಗುಗಳನ್ನ ಬಿಚ್ಚಿ ಇಟ್ಕೊಳ್ಳಿ, ಬೋಗಿ ಬಾಗಿಲ ಮೇಲೆ ಸೈಕಲ್ ಚಿತ್ರ ಎಲ್ಲಿದೆ ನೋಡಿ ಅಲ್ಲಿಗೆ ಓಡ್ಬೇಕು, ಒಬ್ರು ಮೇಲೆ ಹತ್ತಿ ಎಳ್ಕೊಳ್ಳಿ, ಇನ್ನೊಬ್ರು ಕೆಳಗಿಂದ ಎತ್ತಿ ಕೊಡಿ, ಬ್ಯಾಗು ಆಮೇಲೆ.